ಟ್ರಾಮ್ ಮತ್ತೆ ಬಂತು, ಉಸ್ತ್-ಕತಾವ್ ಯಾಕೆ ಹಿಂದೆ ಬಿತ್ತು?

ರಷ್ಯಾದ ನಗರ ಸಾರಿಗೆಯ ಸುದ್ದಿಗಳನ್ನು ಗಮನಿಸುವವರಿಗೆ ಕೆಲವು ವರ್ಷಗಳಿಂದ ತಾಳೆಯಾಗದ ಎರಡು ಸಂಗತಿಗಳು ಕಾಣುತ್ತಿವೆ. ಸರಾಟೊವ್, ಚೆಲ್ಯಾಬಿನ್ಸ್ಕ್, ಯಾರೊಸ್ಲಾವ್ಲ್, ವೋಲ್ಗೊಗ್ರಾಡ್, ತಗನ್‌ರೋಗ್ ಮುಂತಾದ ನಗರಗಳು ಹಳೆಯ ಹಳಿ ಕಿತ್ತು ಹೊಸದು ಹಾಕುತ್ತಿವೆ, ಹೊಸ ಟ್ರಾಮ್ ತರಿಸುತ್ತಿವೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಟ್ರಾಮ್‌ಗೆ ಇಷ್ಟು ದುಡ್ಡು ಹರಿದದ್ದು ಇದೇ ಮೊದಲು. ಆದರೆ ಪ್ರಪಂಚದಲ್ಲಿ ಅತಿ ಹೆಚ್ಚು ತಯಾರಾದ ಟ್ರಾಮ್ ಮಾದರಿಯನ್ನು ಕೊಟ್ಟ ಉಸ್ತ್-ಕತಾವ್ ಕಾರ್ಖಾನೆ ಈ ಸುಗ್ಗಿಯಲ್ಲಿ ಮುಂದಿನ ಸಾಲಿನಲ್ಲಿಲ್ಲ. ಆರ್ಡರುಗಳ ದೊಡ್ಡ ಪಾಲು ಹೋಗುತ್ತಿರುವುದು 2014ರಲ್ಲಷ್ಟೇ ಹುಟ್ಟಿದ ಒಂದು ಖಾಸಗಿ ಕಂಪನಿಗೆ.

ಬೇಡಿಕೆ ಬಿದ್ದಾಗ ಕಾರ್ಖಾನೆ ಸೊರಗಿದರೆ ಅದರಲ್ಲಿ ಒಗಟಿಲ್ಲ. ಬೇಡಿಕೆ ಎದ್ದಾಗಲೂ ಸೊರಗಿದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಇಲ್ಲಿ ಬದಲಾದದ್ದು ಟ್ರಾಮ್ ಕೊಳ್ಳುವ ರೀತಿ. ಗಾಡಿ ಮಾಡಿ ರೈಲಿಗೇರಿಸಿ ಕಳಿಸಿದರೆ ಕೆಲಸ ಮುಗಿಯಿತು ಎನ್ನುವ ಕಾಲಕ್ಕಾಗಿ ಕಟ್ಟಿದ ಕಾರ್ಖಾನೆ, ಗಾಡಿಯ ಜೊತೆಗೆ 30 ವರ್ಷದ ಜವಾಬ್ದಾರಿಯನ್ನೂ ಮಾರಬೇಕಾದ ಕಾಲಕ್ಕೆ ಬಂದು ನಿಂತಿದೆ.

ಉರಾಲ್ ತಪ್ಪಲಿನ ಕಬ್ಬಿಣದ ಊರು

ಉಸ್ತ್-ಕತಾವ್ ಇರುವುದು ಚೆಲ್ಯಾಬಿನ್ಸ್ಕ್ ಪ್ರಾಂತ್ಯದ ಪಶ್ಚಿಮ ಅಂಚಿನಲ್ಲಿ, ಕತಾವ್ ನದಿ ಯೂರ್ಯುಜಾನ್ ನದಿಯನ್ನು ಸೇರುವಲ್ಲಿ. ಜನಸಂಖ್ಯೆ ಸುಮಾರು 20 ಸಾವಿರ. 1758ರಲ್ಲಿ ತ್ವೆರ್ದಿಶೆವ್ ಮತ್ತು ಮ್ಯಾಸ್ನಿಕೊವ್ ಎಂಬ ವರ್ತಕರು ಇಲ್ಲಿ ಕಬ್ಬಿಣದ ಕಾರ್ಖಾನೆ ತೆರೆದರು. 19ನೇ ಶತಮಾನದ ಕೊನೆಗೆ ಬೆಲ್ಜಿಯಂ ಬಂಡವಾಳ ಬಂತು, ರೈಲು ವ್ಯಾಗನ್ ತಯಾರಿಕೆ ಶುರುವಾಯಿತು. 20ನೇ ಶತಮಾನದ ಆರಂಭದಲ್ಲೇ ಟ್ರಾಮ್ ಗಾಡಿಗಳೂ ಇಲ್ಲಿ ತಯಾರಾದವು. ಊರು ಬೆಳೆದದ್ದೇ ಕಾರ್ಖಾನೆಯ ಸುತ್ತ. ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕರನ್ನು ಸಾಗಿಸಲು ಕಾರ್ಖಾನೆಯದೇ ಪುಟ್ಟ ಟ್ರಾಮ್ ಮಾರ್ಗವೂ ಇದೆ.

ಎರಡನೇ ಮಹಾಯುದ್ಧದ ನಂತರ ಟ್ರಾಮ್ ತಯಾರಿಕೆ ಇಲ್ಲಿ ನೆಲೆ ಕಂಡಿತು. 1947ರಿಂದ ಕೆಟಿಎಂ-1, ಅದರ ಬೆನ್ನಿಗೆ ಕೆಟಿಎಂ-2. ಹೆಸರಿನ ಮೊದಲಕ್ಷರ ಬಂದದ್ದು ಕಾರ್ಖಾನೆಗೆ ಇಟ್ಟಿದ್ದ ಸೋವಿಯತ್ ನಾಯಕ ಕಿರೋವ್ ಹೆಸರಿನಿಂದ. ಎರಡೂ ಎರಡೇ ಅಚ್ಚಿನ ಚಿಕ್ಕ ಗಾಡಿಗಳು. ಪ್ರಾಗ್‌ನ ತಾತ್ರಾ ಕಾರ್ಖಾನೆ ನಾಲ್ಕು ಅಚ್ಚಿನ ಆಧುನಿಕ ಟಿ3 ಮಾದರಿಯನ್ನು ಸೋವಿಯತ್ ನಗರಗಳಿಗೆ ಕಳಿಸತೊಡಗಿದ್ದು 1963ರಲ್ಲಿ. ಉಸ್ತ್-ಕತಾವ್‌ನಲ್ಲಿ ಎರಡು ಅಚ್ಚಿನ ಗಾಡಿಯ ತಯಾರಿಕೆ 1960ರ ದಶಕದ ಕೊನೆಯವರೆಗೂ ನಡೆದೇ ಇತ್ತು.

ಇದೇ ಕಾಲದಲ್ಲಿ ಇಲ್ಲಿ ಇನ್ನೊಂದು ವಿಭಾಗ ಬೆಳೆಯಿತು: ದ್ರವ ಇಂಧನದ ರಾಕೆಟ್ ಎಂಜಿನ್‌ಗಳದು. ಸೊಯುಜ್ ಮತ್ತು ಪ್ರೊಗ್ರೆಸ್ ಬಾಹ್ಯಾಕಾಶ ನೌಕೆಗಳ ಎಂಜಿನ್‌ಗಳು ಉಸ್ತ್-ಕತಾವ್‌ನಲ್ಲೇ ತಯಾರಾಗುತ್ತವೆ. ಮುಂದಿನ ಕಥೆಗೆ ಈ ಸಂಗತಿ ಮುಖ್ಯ.

ಹದಿನೈದು ಸಾವಿರ ಗಾಡಿಗಳು

1969ರಲ್ಲಿ ದೊಡ್ಡ ಪ್ರಮಾಣದ ತಯಾರಿಕೆಗೆ ಹೋದ ಕೆಟಿಎಂ-5, ಅಧಿಕೃತ ಸಂಖ್ಯೆಯಲ್ಲಿ 71-605, ಕಾರ್ಖಾನೆಯ ಹಣೆಬರಹವನ್ನೇ ಬದಲಿಸಿತು. 1992ರವರೆಗೆ ಸುಮಾರು 15 ಸಾವಿರ ಗಾಡಿಗಳು ಹೊರಬಂದವು. ಜಗತ್ಪ್ರಸಿದ್ಧ ತಾತ್ರಾ ಟಿ3ಯ ಒಟ್ಟು ಸಂಖ್ಯೆ ಸುಮಾರು 14 ಸಾವಿರ. ಉಸ್ತ್-ಕತಾವ್‌ನ ಲೆಕ್ಕ ಸರಾಸರಿ ವರ್ಷಕ್ಕೆ 600ರ ಮೇಲೆ, ಅಂದರೆ ಪ್ರತಿ ಕೆಲಸದ ದಿನಕ್ಕೆ ಎರಡಕ್ಕಿಂತ ಹೆಚ್ಚು ಗಾಡಿ.

ಗಾಡಿ ಸುಮಾರು 15 ಮೀಟರ್ ಉದ್ದ, 2.6 ಮೀಟರ್ ಅಗಲ. ನಾಲ್ಕು ಅಚ್ಚು, ಅಚ್ಚಿಗೊಂದರಂತೆ ನಾಲ್ಕು ಮೋಟಾರು, ಒಂದೊಂದೂ 50 ಕಿಲೋವ್ಯಾಟ್ ಆಸುಪಾಸಿನದು. ಮೇಲಿನ ತಂತಿಯಲ್ಲಿ 550 ವೋಲ್ಟ್ ಏಕಮುಖ ವಿದ್ಯುತ್. ನಿಂತಿರುವ ಮೋಟಾರಿಗೆ ಅಷ್ಟೂ ವೋಲ್ಟೇಜನ್ನು ನೇರವಾಗಿ ಕೊಟ್ಟರೆ ಮಿತಿಮೀರಿದ ಕರೆಂಟು ಹರಿದು ಸುರುಳಿ ಸುಡುತ್ತದೆ. ಅದಕ್ಕೆ ಮೋಟಾರಿನ ಸಾಲಿನಲ್ಲಿ ರೋಧಕಗಳನ್ನು ಜೋಡಿಸಿ, ವೇಗ ಏರಿದಂತೆ ಒಂದೊಂದನ್ನೇ ಸರ್ಕ್ಯೂಟಿನಿಂದ ತಪ್ಪಿಸುತ್ತ ಹೋಗುವ ವ್ಯವಸ್ಥೆ. ಗಾಡಿ ನಿಲ್ಲಿಸುವಾಗ ಮೋಟಾರು ಜನರೇಟರ್ ಆಗುತ್ತದೆ, ಹುಟ್ಟಿದ ವಿದ್ಯುತ್ತು ಅದೇ ರೋಧಕಗಳಲ್ಲಿ ಶಾಖವಾಗಿ ಪೋಲಾಗುತ್ತದೆ. ವಿದ್ಯುತ್ ಅಗ್ಗವಿದ್ದ ದೇಶದಲ್ಲಿ ಇದು ಯಾರಿಗೂ ಚಿಂತೆಯ ವಿಷಯವಾಗಿರಲಿಲ್ಲ. ಎಲ್ಲವೂ ಕಣ್ಣಿಗೆ ಕಾಣುವ ಸಂಪರ್ಕ ಬಿಂದುಗಳು, ಸುರುಳಿಗಳು, ಸ್ಪ್ರಿಂಗುಗಳು. ಸೈಬೀರಿಯಾದ ಯಾವುದೋ ಡಿಪೊದ ಮೆಕ್ಯಾನಿಕ್ ಸ್ಪ್ಯಾನರು, ಟೆಸ್ಟ್ ಲ್ಯಾಂಪು ಹಿಡಿದು ರಿಪೇರಿ ಮಾಡಿಕೊಳ್ಳಬಹುದಿತ್ತು.

ಕೊರತೆಗಳೂ ಇದ್ದವು. ಬಾಗಿಲು ಇಕ್ಕಟ್ಟು, ನೆಲ ಎತ್ತರ, ಚೌಕಟ್ಟಿಗೆ ತುಕ್ಕು. ಆದರೂ ಆರ್ಡರು ನಿಲ್ಲಲಿಲ್ಲ, ಏಕೆಂದರೆ ಕೊಳ್ಳುವವರಿಗೆ ಆಯ್ಕೆಯೇ ಇರಲಿಲ್ಲ. ಯಾವ ನಗರಕ್ಕೆ ಯಾವ ಟ್ರಾಮ್ ಎಂಬುದನ್ನು ಯೋಜನಾ ವ್ಯವಸ್ಥೆ ತೀರ್ಮಾನಿಸುತ್ತಿತ್ತು. ಮಾಸ್ಕೊ, ಕೀವ್‌ನಂಥ ದೊಡ್ಡ ನಗರಗಳಿಗೆ ಮುಖ್ಯವಾಗಿ ಪ್ರಾಗ್‌ನ ತಾತ್ರಾ. ಲೆನಿನ್‌ಗ್ರಾಡ್‌ಗೆ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಅಲ್ಲಿಯದೇ ಕಾರ್ಖಾನೆಯ ಗಾಡಿ. ಕೆಲವು ನಗರಗಳಿಗೆ ರೀಗಾದಲ್ಲಿ ತಯಾರಾದದ್ದು. ಉಳಿದವರಿಗೆಲ್ಲ ಉಸ್ತ್-ಕತಾವ್. ಒಂದೇ ಮಾದರಿ, ಖಾತ್ರಿಯ ಗಿರಾಕಿ, ಮಾರಾಟ ವಿಭಾಗದ ಅಗತ್ಯವೇ ಇಲ್ಲದ ವ್ಯಾಪಾರ. ಕಾರ್ಖಾನೆಯ ಬಲವೂ ದೌರ್ಬಲ್ಯವೂ ಇದರಲ್ಲೇ ಇದ್ದವು. ಸಾವಿರಗಟ್ಟಲೆ ಒಂದೇ ಗಾಡಿ ಮಾಡುವುದನ್ನು ಅದು ಕಲಿತಿತ್ತು. ಗಿರಾಕಿಗೆ ಏನು ಬೇಕು ಎಂದು ಕೇಳುವ ಪ್ರಸಂಗವೇ ಅದಕ್ಕೆ ಬಂದಿರಲಿಲ್ಲ.

1990ರ ದಶಕ: ಮಾಸ್ಕೊ ಹಿಡಿದ ಕೈ

1991ರ ನಂತರ ಮಾರುಕಟ್ಟೆ ಎರಡು ದಿಕ್ಕಿನಿಂದ ಕುಗ್ಗಿತು. ಉಕ್ರೇನ್ ಮೊದಲಾದ ಗಣರಾಜ್ಯಗಳು ಹೊರ ದೇಶಗಳಾದವು, ಉಕ್ರೇನ್ ತನ್ನದೇ ಟ್ರಾಮ್ ಜೋಡಣೆ ಶುರುಮಾಡಿತು. ರಷ್ಯಾದೊಳಗೆ ನಗರಸಭೆಗಳ ಕೈ ಬರಿದಾಯಿತು.

ಸೋವಿಯತ್ ರೂಢಿಯಲ್ಲಿ ಟ್ರಾಮ್ ಗಾಡಿಯ ಆಯಸ್ಸು ಸುಮಾರು 15 ವರ್ಷ. 15 ಸಾವಿರ ಗಾಡಿ ಓಡುತ್ತಿದ್ದರೆ ಬದಲಿಗಾಗಿಯೇ ವರ್ಷಕ್ಕೆ ಸಾವಿರ ಬೇಕು. ದುಡ್ಡಿಲ್ಲದ ನಗರಗಳು ಬೇರೆ ದಾರಿ ಹಿಡಿದವು. ಹಳೆಯ ಗಾಡಿಯ ಕೊಳೆತ ತಗಡು ಕತ್ತರಿಸಿ, ಚೌಕಟ್ಟಿಗೆ ಹೊಸ ಬೆಸುಗೆ ಹಾಕಿ, ತಂತಿ ಬದಲಿಸಿ ಮತ್ತೆ ಹತ್ತು ವರ್ಷ ಓಡಿಸುವ ಮಹಾ ದುರಸ್ತಿ ಎಲ್ಲೆಡೆ ಮಾಮೂಲಾಯಿತು. ಇನ್ನು ಕೆಲವು ನಗರಗಳು ಹಳಿಯನ್ನೇ ಕಿತ್ತವು: ಅರ್ಖಾಂಗೆಲ್ಸ್ಕ್ 2004, ಇವಾನೊವೊ 2008, ವೊರೊನೆಜ್ 2009.

ಉಸ್ತ್-ಕತಾವ್ ಆಗಲೇ ಮುಳುಗಬೇಕಿತ್ತು. ಉಳಿಸಿದ್ದು ಮಾಸ್ಕೊ. ವಿದೇಶಿ ವಿನಿಮಯ ಕೊಟ್ಟು ತಾತ್ರಾ ತರಿಸುವುದು ಅಸಾಧ್ಯವಾದಾಗ ರಾಜಧಾನಿ ದೊಡ್ಡ ಪ್ರಮಾಣದಲ್ಲಿ ಉರಾಲ್ ಕಡೆ ತಿರುಗಿತು. 71-608, ಆಮೇಲೆ 71-619 ಮಾದರಿಗಳು ಮಾಸ್ಕೊ ಬೀದಿಗಳ ನಿತ್ಯದ ನೋಟವಾದವು. ಗಿರಾಕಿಗಳು ನೂರರಿಂದ ಕೆಲವಕ್ಕೆ ಇಳಿದರು. ಅವರಲ್ಲಿ ಒಬ್ಬ ಗಿರಾಕಿಯ ಮೇಲೆ ಇಡೀ ಟ್ರಾಮ್ ವಿಭಾಗ ನಿಂತಿತು. ಆ ಗಿರಾಕಿ ಬೇರೆ ಅಂಗಡಿ ನೋಡಿಕೊಂಡ ದಿನ ಏನಾಗಬಹುದು ಎಂಬ ಪ್ರಶ್ನೆಗೆ ಉತ್ತರ ಸಿಗಲು ಹದಿನೈದಿಪ್ಪತ್ತು ವರ್ಷ ಬೇಕಾಯಿತು.

ನೆಲ ತಗ್ಗಿಸುವುದು ಸುಲಭದ ಮಾತಲ್ಲ

2000ದ ದಶಕದಲ್ಲಿ ಯುರೋಪಿನಲ್ಲಿ ತಗ್ಗು ನೆಲದ ಟ್ರಾಮ್ ಸಾಮಾನ್ಯವಾಗಿತ್ತು. ಹಳೆಯ ಗಾಡಿಯಲ್ಲಿ ನೆಲ ಹಳಿಯಿಂದ ಸುಮಾರು 85 ಸೆಂ.ಮೀ. ಮೇಲೆ, ತಗ್ಗು ನೆಲದ್ದರಲ್ಲಿ ಸುಮಾರು 35 ಸೆಂ.ಮೀ. ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು ಮೆಟ್ಟಿಲಿಲ್ಲದೆ ಹತ್ತಬಹುದು. ಎಲ್ಲರೂ ಬೇಗ ಹತ್ತಿಳಿದರೆ ನಿಲ್ದಾಣದಲ್ಲಿ ನಿಲ್ಲುವ ಹೊತ್ತೂ ಕಡಿಮೆ.

ಆದರೆ ಆ 50 ಸೆಂ.ಮೀ. ಜಾಗದಲ್ಲಿ ಮೊದಲು ಏನಿತ್ತು? ಅಚ್ಚು, ಮೋಟಾರು, ಗೇರು ಪೆಟ್ಟಿಗೆ, ರೋಧಕಗಳು, ಬ್ಯಾಟರಿ, ನೂರಾರು ಕೇಬಲ್ಲು. ನೆಲ ಇಳಿಸಿದರೆ ವಿದ್ಯುತ್ ಉಪಕರಣಗಳು ಚಾವಣಿಗೆ ಹೋಗಬೇಕು. ಚಾವಣಿ ಭಾರವಾದರೆ ಗಾಡಿಯ ಗುರುತ್ವ ಕೇಂದ್ರ ಮೇಲೇರುತ್ತದೆ, ಗೋಡೆಯ ಕಂಬಗಳು ಆ ಭಾರ ಹೊರುವಂತಿರಬೇಕು. ಅಂದರೆ ಇಡೀ ಅಸ್ಥಿಪಂಜರವನ್ನು ಹೊಸದಾಗಿ ಲೆಕ್ಕಹಾಕಬೇಕು, ಬೆಸುಗೆ ಹಾಕುವಾಗ ಭಾಗಗಳನ್ನು ಹಿಡಿದಿಡುವ ಸಲಕರಣೆಗಳನ್ನೆಲ್ಲ ಬದಲಿಸಬೇಕು.

ಅದಕ್ಕಿಂತ ಕಷ್ಟದ್ದು ಚಕ್ರಗಳ ಚೌಕಟ್ಟು. ನೆಲವನ್ನು ಪೂರ್ತಿ ತಗ್ಗಿಸುವ ಸುಲಭದ ಉಪಾಯ ಚಕ್ರದ ಚೌಕಟ್ಟನ್ನು ಗಾಡಿಯ ಒಡಲಿಗೆ ಬಿಗಿಯಾಗಿ ಕೂರಿಸುವುದು. ಯುರೋಪಿನ ಹಲವು ಮಾದರಿಗಳು ಹೀಗೇ ಇವೆ. ಹಳಿ ನುಣುಪಾಗಿದ್ದರೆ ಇದು ನಡೆಯುತ್ತದೆ. ರಷ್ಯಾದ ಸೊಟ್ಟ ಹಳಿ, ಬಿಗಿ ತಿರುವುಗಳಲ್ಲಿ ಬಿಗಿ ಚೌಕಟ್ಟಿನ ಚಕ್ರ ಹಳಿಯ ಪಕ್ಕಕ್ಕೆ ಒತ್ತಿಕೊಂಡು ಉಜ್ಜುತ್ತದೆ: ಚಕ್ರದ ಅಂಚೂ ಸವೆಯುತ್ತದೆ, ಹಳಿಯೂ ಸವೆಯುತ್ತದೆ, ಹೊಡೆತ ನೇರವಾಗಿ ಒಡಲಿನ ಬೆಸುಗೆಗೆ ಬೀಳುತ್ತದೆ. ಪರಿಹಾರ, ತಿರುವಿನಲ್ಲಿ ತಾನಾಗಿ ತಿರುಗುವ ಚೌಕಟ್ಟನ್ನೇ ತಗ್ಗು ನೆಲದಡಿ ಹಿಡಿಸುವುದು. ಅದಕ್ಕೆ ಚಿಕ್ಕ ಚಕ್ರ, ಚಿಕ್ಕ ಮೋಟಾರು, ಬೇರೆಯೇ ಬಗೆಯ ಗೇರು ಬೇಕು. ಹೊಸ ಚೌಕಟ್ಟಿನ ವಿನ್ಯಾಸ, ಪರೀಕ್ಷೆ, ಪ್ರಮಾಣಪತ್ರ ಎಲ್ಲಕ್ಕೂ ವರ್ಷಗಟ್ಟಲೆ ದುಡ್ಡು ಸುರಿಯಬೇಕು.

ಉಸ್ತ್-ಕತಾವ್ ಅರ್ಧ ದಾರಿ ಹೋಯಿತು. 2009ರ 71-623ರಲ್ಲಿ ಮಧ್ಯ ಭಾಗ ತಗ್ಗು, ಚಕ್ರಗಳ ಮೇಲೆ ಎತ್ತರ. ತಗ್ಗು ಪಾಲು ಸುಮಾರು 40 ಶೇಕಡ. ಪ್ರಾಂತ್ಯದ ನಗರಗಳಿಗೆ ಇದು ವಿವೇಕದ ಗಾಡಿಯೇ. ಮಾಸ್ಕೊದ ಮನಸ್ಸು ಮಾತ್ರ ಅಷ್ಟರಲ್ಲಿ ಬೇರೆ ಕಡೆ ಹರಿದಿತ್ತು.

ಪೂರ್ಣ ತಗ್ಗಿನ ಗಾಡಿಗೆ ದುಡ್ಡು ಯಾಕೆ ಹುಟ್ಟಲಿಲ್ಲ? ಇಲ್ಲಿ ರಾಕೆಟ್ ವಿಭಾಗದ ವಿಷಯ ಬರುತ್ತದೆ. ಕಾರ್ಖಾನೆ ಪ್ರೋಟಾನ್ ರಾಕೆಟ್ ತಯಾರಿಸುವ ಕ್ರುನಿಚೆವ್ ಬಾಹ್ಯಾಕಾಶ ಕೇಂದ್ರದ ಶಾಖೆಯಾಗಿತ್ತು. ಆ ಸಂಸ್ಥೆಯೇ 2010ರ ದಶಕದಲ್ಲಿ ಭಾರಿ ಸಾಲದಲ್ಲಿ ಸಿಲುಕಿ ಸರ್ಕಾರದ ನೆರವಿಗೆ ಕೈಚಾಚಿತ್ತು. ಬಾಹ್ಯಾಕಾಶ ಸಂಸ್ಥೆಯೊಂದರ ಮೇಜಿನ ಮೇಲೆ ಟ್ರಾಮ್ ಚಕ್ರದ ಚೌಕಟ್ಟಿನ ಕಡತ ಯಾವತ್ತೂ ಅಡಿಯಲ್ಲೇ ಉಳಿಯುತ್ತದೆ. ಎಂಜಿನ್ ವಿಭಾಗ ಕೆಟ್ಟ ಕಾಲದಲ್ಲಿ ಕಾರ್ಖಾನೆಯನ್ನು ಬದುಕಿಸಿತು, ನಿಜ. ಅದೇ ಆಸರೆ ಟ್ರಾಮ್ ವಿಭಾಗದ ಬಗ್ಗೆ ಯಾರೂ ಕಠಿಣ ತೀರ್ಮಾನ ತೆಗೆದುಕೊಳ್ಳದಂತೆಯೂ ಮಾಡಿತು.

ಕೊಳ್ಳುವ ರೀತಿಯೇ ಬದಲಾದಾಗ

ಮಾಸ್ಕೊದ ಮೊದಲ ದೊಡ್ಡ ಪ್ರಯೋಗ ಎಡವಿತು. 2013ರಲ್ಲಿ 120 ಗಾಡಿಗಳ ಗುತ್ತಿಗೆ ಉರಾಲ್‌ವಗೊನ್‌ಜವೋದ್ ಬಳಗಕ್ಕೆ ಹೋಯಿತು. ಗಾಡಿ ಪೋಲೆಂಡಿನ ಪೆಸಾ ಕಂಪನಿಯ ಫಾಕ್ಸ್‌ಟ್ರಾಟ್. 2014ರ ಕೊನೆಗೆ ರೂಬಲ್ ಕುಸಿಯಿತು. ಬಿಡಿಭಾಗಗಳ ಬೆಲೆ ಯೂರೊದಲ್ಲಿ, ಬರುವ ಹಣ ರೂಬಲ್‌ನಲ್ಲಿ. 70 ಗಾಡಿ ಬಂದವು, ಉಳಿದ 50 ಬರಲಿಲ್ಲ.

ಇದರಿಂದ ಮಾಸ್ಕೊ ಎರಡು ಪಾಠ ಕಲಿತಂತಿತ್ತು: ಗಾಡಿ ದೇಶದೊಳಗೇ ತಯಾರಾಗಲಿ, ಮತ್ತು ಅಪಾಯವನ್ನು ತಯಾರಕ ಹೊರಲಿ. 2016ರಲ್ಲಿ ಮೂರು ತುಂಡಿನ, ಪೂರ್ಣ ತಗ್ಗು ನೆಲದ 300 ಗಾಡಿಗಳಿಗೆ, 30 ವರ್ಷದ ನಿರ್ವಹಣೆಯನ್ನೂ ಸೇರಿಸಿ ಸುಮಾರು 56 ಶತಕೋಟಿ ರೂಬಲ್‌ಗೆ ಟೆಂಡರ್ ಮುಗಿಯಿತು. ಪಡೆದದ್ದು ಮೊದಲೇ ಹೇಳಿದ 2014ರ ಖಾಸಗಿ ಕಂಪನಿ ‘ಪಿಕೆ ಟ್ರಾನ್ಸ್‌ಪೋರ್ಟ್‌ನಿಯೆ ಸಿಸ್ತೆಮಿ’ (ಪಿಕೆಟಿಎಸ್) ಮತ್ತು ರೈಲು ಗಾಡಿ ತಯಾರಿಸುವ ಟ್ರಾನ್ಸ್‌ಮಾಶ್‌ಹೋಲ್ಡಿಂಗ್ ಬಳಗ. ‘ವಿತ್ಯಾಜ್-ಎಂ’ ಹೆಸರಿನ ಈ ಗಾಡಿ 27 ಮೀಟರಿಗಿಂತ ಉದ್ದ, ಸುಮಾರು 260 ಜನರನ್ನು ಹಿಡಿಸುತ್ತದೆ, ತಿರುಗುವ ನಾಲ್ಕು ಚೌಕಟ್ಟುಗಳ ಮೇಲೆ ಕೂತಿದೆ. 2017ರಿಂದ ಓಡುತ್ತಿದೆ. ಜೋಡಣೆ ಆರಂಭವಾದದ್ದು ತ್ವೇರ್ ನಗರದಲ್ಲಿ. ಅದೇ ತ್ವೇರ್ ತನ್ನ ಸ್ವಂತ ಟ್ರಾಮ್ ಸೇವೆಯನ್ನು 2018ರಲ್ಲಿ ಮುಚ್ಚಿತು ಎಂಬುದು ಬೇರೆ ಮಾತು.

ಈ ಬಗೆಯ ಜೀವಿತಾವಧಿ ಗುತ್ತಿಗೆಯಲ್ಲಿ ತಯಾರಕನ ಕೆಲಸ ಗಾಡಿ ಒಪ್ಪಿಸುವಲ್ಲಿಗೆ ಮುಗಿಯುವುದಿಲ್ಲ. ಡಿಪೊದಲ್ಲಿ ಅವನದೇ ಸಿಬ್ಬಂದಿ, ಅವನದೇ ಬಿಡಿಭಾಗಗಳ ಉಗ್ರಾಣ. ಬೆಳಿಗ್ಗೆ ಗಾಡಿ ರಸ್ತೆಗೆ ಇಳಿಯದಿದ್ದರೆ ನಷ್ಟ ಅವನ ಪಾಲಿಗೆ. ಮೊದಲೇ ಹಣ ಹೂಡಬೇಕು, ಬ್ಯಾಂಕ್ ಖಾತ್ರಿ ಕೊಡಬೇಕು, ದುಡ್ಡು ಬರುವುದು ಕಂತಿನಲ್ಲಿ. ಸಾಲದಲ್ಲಿ ಮುಳುಗಿದ ಬಾಹ್ಯಾಕಾಶ ಸಂಸ್ಥೆಯ, ಮಾಸ್ಕೊದಿಂದ ಸುಮಾರು 1,500 ಕಿ.ಮೀ. ದೂರದ ಶಾಖೆಗೆ ಇದು ಕೈಗೆಟುಕುವ ಆಟವಾಗಿರಲಿಲ್ಲ.

ಪೆಟ್ಟು ಅಲ್ಲಿಗೇ ನಿಲ್ಲಲಿಲ್ಲ. ವಿತ್ಯಾಜ್ ಬಂದಂತೆ ಮಾಸ್ಕೊ ತನ್ನ ಹಳೆಯ ಗಾಡಿಗಳನ್ನು ಪ್ರಾಂತ್ಯದ ನಗರಗಳಿಗೆ ಪುಕ್ಕಟೆ ಕೊಡತೊಡಗಿತು. ಅವುಗಳಲ್ಲಿ ಉಸ್ತ್-ಕತಾವ್‌ನ 71-619 ಕೂಡ ಇದ್ದವು. ಹೊಸ ಗಾಡಿ ಕೊಳ್ಳಬಹುದಾಗಿದ್ದ ನಗರಕ್ಕೆ ಕಾರ್ಖಾನೆಯ ಹಳೆಯ ಗಾಡಿಯೇ ದಾನವಾಗಿ ಬಂದರೆ ಹೊಸದಕ್ಕೆ ಟೆಂಡರ್ ಕರೆಯುವವರು ಯಾರು? ತನ್ನ ಗಾಡಿಯೇ ತನಗೆ ಎದುರಾಳಿ.

2021ರ ಈಚೆಗೆ ಪ್ರಾಂತ್ಯಗಳಲ್ಲಿ ಬಂದ ಕನ್ಸೆಷನ್ ಗುತ್ತಿಗೆಗಳು ಈ ಬದಲಾವಣೆಯನ್ನು ದೇಶಕ್ಕೆಲ್ಲ ಹರಡಿದವು. ಖಾಸಗಿ ಹೂಡಿಕೆದಾರ ಸಾಲ ತರುತ್ತಾನೆ, ಹಳಿ, ಡಿಪೊ, ವಿದ್ಯುತ್ ಉಪಕೇಂದ್ರ, ತಂತಿ ಎಲ್ಲವನ್ನೂ ಹೊಸದಾಗಿಸುತ್ತಾನೆ, ಗಾಡಿ ಕೊಳ್ಳುತ್ತಾನೆ, ದಶಕಗಳ ಕಾಲ ಸೇವೆ ನಡೆಸುತ್ತಾನೆ. ಸರ್ಕಾರಿ ಅಭಿವೃದ್ಧಿ ಸಂಸ್ಥೆ ವೆಬ್.ಆರ್‌ಎಫ್ ಬೆನ್ನಿಗಿರುತ್ತದೆ. ಯಾವ ಗಾಡಿ ಎಂದು ತೀರ್ಮಾನಿಸುವವನು ಡಿಪೊದ ಮುಖ್ಯ ಎಂಜಿನಿಯರ್ ಅಲ್ಲ, ಸಾಲದ ಲೆಕ್ಕ ಹಿಡಿದವನು. ಚೆಲ್ಯಾಬಿನ್ಸ್ಕ್, ತಗನ್‌ರೋಗ್‌ಗಳಲ್ಲಿ ಉಸ್ತ್-ಕತಾವ್‌ನ 71-628 ಗಾಡಿಗಳು ಓಡುತ್ತಿವೆ, ಆದರೆ ಅಲ್ಲಿ ಗುತ್ತಿಗೆದಾರ ಸಿನಾರಾ ಎಂಬ ಉದ್ಯಮ ಬಳಗ. ಕಾರ್ಖಾನೆ ಇನ್ನೊಬ್ಬರ ಗುತ್ತಿಗೆಯೊಳಗಿನ ಸರಬರಾಜುದಾರ. ಲಾಭದ ದೊಡ್ಡ ಭಾಗ ಇರುವ 30 ವರ್ಷದ ನಿರ್ವಹಣೆ ಅದರ ಕೈಯಲ್ಲಿಲ್ಲ.

ಬೇರೆ ಕಾರ್ಖಾನೆಗಳಿಗೆ ಏನಾಯಿತು

ಪೀಟರ್ಸ್‌ಬರ್ಗ್‌ನಲ್ಲಿ ಎಲ್‌ಎಂ-68, ಎಲ್‌ವಿಎಸ್-86 ಮಾದರಿಗಳನ್ನು ಕೊಟ್ಟ ಟ್ರಾಮ್ ಕಾರ್ಖಾನೆ 2010ರ ದಶಕದಲ್ಲಿ ದಿವಾಳಿಯಾಗಿ ಮುಚ್ಚಿತು. ಒಂದು ನಗರದ ಆರ್ಡರನ್ನೇ ನೆಚ್ಚಿದ್ದದ್ದು ಅದರ ರೋಗ. ಪ್ರಾಗ್‌ನ ತಾತ್ರಾ ಕೂಡ ಉಳಿಯಲಿಲ್ಲ. ಪೂರ್ವದ ಮಾರುಕಟ್ಟೆ ಕುಸಿದ ಹತ್ತು ವರ್ಷಗಳಲ್ಲಿ ದಿವಾಳಿಯಾಗಿ ಸೀಮೆನ್ಸ್ ಪಾಲಾಯಿತು. ಎಂಗೆಲ್ಸ್ ನಗರದ ಟ್ರಾಲಿಬಸ್ ಕಾರ್ಖಾನೆ ಟ್ರೋಲ್ಜಾ ದಿವಾಳಿಯಾದ ಮೇಲೆ ಅದರ ಅಂಗಳದಲ್ಲಿ ಟ್ರಾಲಿಬಸ್ ಮಾಡುತ್ತಿರುವುದು ಅದೇ ಪಿಕೆಟಿಎಸ್. ಯೆಕಟೆರಿನ್‌ಬರ್ಗ್‌ನ ಉರಾಲ್‌ಟ್ರಾನ್ಸ್‌ಮಾಶ್ ಇನ್ನೂ ಟ್ರಾಮ್ ಮಾಡುತ್ತಿದೆ, ಆದರೆ ಅದರ ಮುಖ್ಯ ಕಸುಬು ಫಿರಂಗಿ ವಾಹನ. ಇವುಗಳ ಪಕ್ಕದಲ್ಲಿಟ್ಟರೆ ಉಸ್ತ್-ಕತಾವ್ ಬಾಗಿಲು ತೆರೆದಿರುವುದೇ ಒಂದು ವಿಶೇಷ.

ಮೂರು ವಾದಗಳು

ಕಾರ್ಖಾನೆಯ ಪರ ನಿಂತವರ ವಾದ ಹೀಗಿದೆ: ಊರಿಗೆ ಬೇರೆ ದೊಡ್ಡ ಉದ್ಯೋಗದಾತರಿಲ್ಲ, ಯಂತ್ರಗಳಿವೆ, ಕುಶಲ ಬೆಸುಗೆಗಾರರಿದ್ದಾರೆ, ಸರ್ಕಾರದ ದುಡ್ಡಿನಿಂದಲೇ ನಡೆಯುವ ಟ್ರಾಮ್ ಖರೀದಿಯಲ್ಲಿ ಸರ್ಕಾರಿ ಕಾರ್ಖಾನೆಗೆ ಪಾಲು ಮೀಸಲಿಡಬೇಕು. ಮಾಸ್ಕೊದ ಟೆಂಡರ್ ಷರತ್ತುಗಳು ಮೊದಲಿನಿಂದಲೂ ಒಂದೇ ಬಗೆಯ ಗಾಡಿಗೆ ಅಳತೆ ಹೊಲಿದಂತಿದ್ದವು ಎಂಬ ಅಸಮಾಧಾನವೂ ಇದರ ಜೊತೆಗಿದೆ.

ಎದುರು ವಾದ ನೇರವಾಗಿದೆ. ಪೂರ್ಣ ತಗ್ಗು ನೆಲದ ಗಾಡಿಯನ್ನು ಸಕಾಲಕ್ಕೆ ತರಲಾಗದವರು ಹಿಂದೆ ಬಿದ್ದರು. ಪ್ರಯಾಣಿಕರಿಗೆ ಬೇಕಿರುವುದು ಹತ್ತಲು ಸುಲಭವಾದ, ಬೇಸಿಗೆಯಲ್ಲಿ ತಂಪಿರುವ ಗಾಡಿ. ಕಾರ್ಖಾನೆಯ ಚರಿತ್ರೆ ಅಲ್ಲ.

ಮೂರನೆಯದು ಎಂಜಿನಿಯರುಗಳ ವಾದ, ಕಡಿಮೆ ಕೇಳಿಸುವಂಥದು. ರಷ್ಯಾದಲ್ಲಿ ಟ್ರಾಮ್ ಇರುವ ನಗರಗಳು ಸುಮಾರು 60. ಅವುಗಳ ಹಳಿ, ತಿರುವು, ಉಪಕೇಂದ್ರಗಳ ಶಕ್ತಿ, ಡಿಪೊ ಉದ್ದ ಎಲ್ಲ ಬೇರೆ ಬೇರೆ. ಚಿಕ್ಕ ಊರಿಗೆ 15-16 ಮೀಟರಿನ, ಅರ್ಧ ತಗ್ಗಿನ, ಗಟ್ಟಿ ಚೌಕಟ್ಟಿನ ಅಗ್ಗದ ಗಾಡಿ ಸಾಕು. ಬ್ರೇಕ್ ಹಾಕಿದಾಗ ತಂತಿಗೆ ವಿದ್ಯುತ್ ಮರಳಿಸುವ ಆಧುನಿಕ ಮೋಟಾರು ಒಳ್ಳೆಯದೇ. ಆದರೆ ತಂತಿಯ ಅದೇ ಭಾಗದಲ್ಲಿ ಆ ಕ್ಷಣಕ್ಕೆ ಆ ವಿದ್ಯುತ್ತನ್ನು ಎಳೆದುಕೊಳ್ಳುವ ಇನ್ನೊಂದು ಗಾಡಿ ಇರಬೇಕು. ಅರ್ಧ ಗಂಟೆಗೊಂದು ಟ್ರಾಮ್ ಓಡುವ ಮಾರ್ಗದಲ್ಲಿ ಆ ವಿದ್ಯುತ್ತು ಮತ್ತೆ ರೋಧಕಕ್ಕೇ ಹೋಗುತ್ತದೆ. ಹೀಗಿರುವಾಗ ಎಲ್ಲ ಊರಿಗೂ ರಾಜಧಾನಿಯ ಗಾಡಿಯನ್ನೇ ಕೊಡುವುದು ದುಬಾರಿ ಅಭ್ಯಾಸ. ಮೂರು ವಾದಗಳಲ್ಲಿ ಹೆಚ್ಚು ತೂಕವಿರುವುದು ಇದಕ್ಕೇ. ಉಸ್ತ್-ಕತಾವ್‌ಗೆ ಜಾಗ ಇನ್ನೂ ಉಳಿದಿದ್ದರೆ ಅದು ಇಲ್ಲೇ ಇದೆ, ಮಾಸ್ಕೊದಲ್ಲಿ ಅಲ್ಲ.

ಮುಂದೇನು

ಮೊದಲ ಪರಿಣಾಮ ಬಿಡಿಭಾಗಗಳದು. ಹಳೆಯ 71-605, 71-608, 71-619 ಗಾಡಿಗಳು ಪ್ರಾಂತ್ಯಗಳಲ್ಲಿ ಇನ್ನೂ ಓಡುತ್ತಿವೆ. ಚಕ್ರದ ಹೊರಪಟ್ಟಿಗೂ ಒಳತಿರುಳಿಗೂ ನಡುವೆ ಇರುವ ರಬ್ಬರು ವಯಸ್ಸಾದಂತೆ ಗಡಸಾಗಿ ಬಿರುಕು ಬಿಡುತ್ತದೆ, ಗೇರಿನ ಹಲ್ಲು ಸವೆಯುತ್ತದೆ. ಮೋಟಾರು ಕೊಡುತ್ತಿದ್ದ ಮಾಸ್ಕೊದ ದಿನಾಮೊ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಮೂಲ ತಯಾರಕನೂ ಕೈಬಿಟ್ಟರೆ ಡಿಪೊಗಳಿಗೆ ಉಳಿಯುವುದು ಒಂದು ಗಾಡಿ ಬಿಚ್ಚಿ ಇನ್ನೊಂದಕ್ಕೆ ಹಾಕುವ ದಾರಿ. ಹಾಗೆ ಶುರುವಾದ ಡಿಪೊದಲ್ಲಿ ಓಡುವ ಗಾಡಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗುತ್ತದೆ.

ಎರಡನೆಯದು ಸ್ಪರ್ಧೆ. ದೊಡ್ಡ ಆರ್ಡರೆಲ್ಲ ಒಬ್ಬನಲ್ಲೇ ಸೇರಿದರೆ ಅವನ ಉಸಿರು ಕಟ್ಟಿದಾಗ ಇಡೀ ದೇಶದ ಟ್ರಾಮ್ ಯೋಜನೆಗೆ ಉಸಿರು ಕಟ್ಟುತ್ತದೆ. 2022ರ ನಂತರದ ನಿರ್ಬಂಧಗಳು ಪಶ್ಚಿಮದ ವಿದ್ಯುನ್ಮಾನ ಭಾಗಗಳ, ಬಾಗಿಲಿನ ಯಂತ್ರಗಳ ಹಾದಿ ಮುಚ್ಚಿದವು; ಬದಲಿ ಹುಡುಕುವ ಹೊರೆ ಹೆಚ್ಚು ಆರ್ಡರ್ ಹಿಡಿದವನ ಮೇಲೇ ಹೆಚ್ಚು. ಸದ್ಯಕ್ಕೆ ಬೆಲಾರೂಸ್‌ನ ಕಾರ್ಖಾನೆಗಳು ಸ್ವಲ್ಪ ಮಟ್ಟಿಗೆ ಖಾಲಿ ಜಾಗ ತುಂಬುತ್ತಿವೆ.

ಮೂರನೆಯದು ಬಡ್ಡಿ. ರಷ್ಯಾದ ಕೇಂದ್ರ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಮೂಲ ಬಡ್ಡಿದರವನ್ನು 21 ಶೇಕಡಕ್ಕೆ ಏರಿಸಿ, 2025ರ ಜೂನ್‌ವರೆಗೆ ಅಲ್ಲೇ ಇರಿಸಿತ್ತು. ಸಾಲದ ಮೇಲೆ ನಿಂತ ಗುತ್ತಿಗೆಗೆ ಇದು ನೇರ ಹೊಡೆತ. ಹಳಿ, ಡಿಪೊ, ಗಾಡಿ ಎಲ್ಲವನ್ನೂ ಒಟ್ಟಿಗೆ ಕಟ್ಟುವ ಹೊಸ ಯೋಜನೆಗಳು ಮುಂದಕ್ಕೆ ಹೋದಷ್ಟೂ ನಗರಗಳು ಮತ್ತೆ ಹಳೆಯ ರೀತಿಗೆ, ಅಂದರೆ ಬಜೆಟ್ಟಿನಲ್ಲಿ ಸಿಕ್ಕ ಹಣಕ್ಕೆ ಐದೋ ಹತ್ತೋ ಗಾಡಿ ಕೊಳ್ಳುವ ಖರೀದಿಗೆ ಮರಳುವ ಸಾಧ್ಯತೆ ಹೆಚ್ಚು. ಅಂಥ ಚಿಕ್ಕ ಆರ್ಡರಿನಲ್ಲಿ ಬ್ಯಾಂಕ್ ಖಾತ್ರಿಯ ಹೊರೆ ಕಡಿಮೆ, ಬೆಲೆಯೇ ಮುಖ್ಯ. ಉಸ್ತ್-ಕತಾವ್‌ಗೆ ಅನುಕೂಲವಾಗಬಹುದಾದ ಪರಿಸ್ಥಿತಿ ಇದೊಂದೇ. ಆದರೆ ಚಿಕ್ಕ ಆರ್ಡರುಗಳ ನಡುವಿನ ಖಾಲಿ ತಿಂಗಳುಗಳಲ್ಲಿ ಬೆಸುಗೆಗಾರರನ್ನು ಎಂಜಿನ್ ವಿಭಾಗಕ್ಕೆ ಕಳಿಸಿದರೆ ಅವರು ಟ್ರಾಮ್ ವಿಭಾಗಕ್ಕೆ ಹಿಂದಿರುಗುವುದು ಅಪರೂಪ. ವರ್ಷಕ್ಕೆ ಕನಿಷ್ಠ ಕೆಲವು ಡಜನ್ ಗಾಡಿಗಳ ಕೆಲಸ ಬಿಡುವಿಲ್ಲದೆ ಸಿಗದಿದ್ದರೆ ಬಿಡಿಭಾಗ ಕೊಡುವ ಹೊರಗಿನವರೂ ಪ್ರತಿ ಬಾರಿ ಹೊಸದಾಗಿ ಬೆಲೆ ಹೇಳುತ್ತಾರೆ, ಗಾಡಿಯ ಅಗ್ಗದ ಬೆಲೆ ಎಂಬ ಏಕೈಕ ಅನುಕೂಲವೂ ಅದರಲ್ಲೇ ಕರಗುತ್ತದೆ.